ವರದೆಯ ದಂಡೆಯ ದಾರಿ ಯಾರದು?

ನಡೆಯುವುದಕ್ಕೂ ಒಂದು ಯೋಜನೆ ಬೇಕೆಂದರೆ ನಮ್ಮ ಅಜ್ಜಂದಿರು ನಕ್ಕುಬಿಡುತ್ತಿದ್ದರು. ಬುತ್ತಿಯ ಗಂಟು ಹೆಗಲಿಗೇರಿತೆಂದರೆ ಅವರ ಯೋಜನೆ ಮುಗಿಯಿತು; ಮುಂದಿನದನ್ನು ಕಾಲುಗಳೇ ನೋಡಿಕೊಳ್ಳುತ್ತಿದ್ದುವು. ಈಗ ಹಾಗಿಲ್ಲ. ಊರ ಹೊರಗಿನ ನದಿಯ ದಂಡೆಗುಂಟ ಒಂದು ಹಗಲು ನಡೆದು ಬರಬೇಕೆಂದು ಮನಸ್ಸು ಮಾಡಿದವನು ನಕಾಶೆಯನ್ನು ಬಿಚ್ಚಬೇಕಾಗುತ್ತದೆ, ಕಾಯದೆಯನ್ನು ಓದಬೇಕಾಗುತ್ತದೆ, ಹೊಲದೊಡೆಯರ ಮುಖ ನೋಡಬೇಕಾಗುತ್ತದೆ; ಇಷ್ಟೆಲ್ಲ ಆದ ಮೇಲೆಯೂ ದಾರಿ ಇದೆಯೋ ಇಲ್ಲವೋ ಎಂಬ ಸಂದೇಹ ಉಳಿದೇ ಇರುತ್ತದೆ. ಇದು ವಾಯುವಿಹಾರಿಗಳ ತೊಡಕು ಮಾತ್ರವಾಗಿದ್ದರೆ ಇಲ್ಲಿ ಅದನ್ನು ಪ್ರಸ್ತಾಪಿಸುವ ಅಗತ್ಯವಿರಲಿಲ್ಲ. ಊರಿನ ಸಾಮಾನ್ಯ ಸ್ವತ್ತು ಸದ್ದಿಲ್ಲದೆ ಕರಗಿಹೋಗುವ ಬಗೆಗೆ ಕಾಲುದಾರಿಗಿಂತ ಸ್ಪಷ್ಟವಾದ ನಿದರ್ಶನ ನನಗೆ ಬೇರೆ ತೋರದಿರುವುದರಿಂದ ಬರೆಯಹೊರಟಿದ್ದೇನೆ.

ಯಲವಿಗಿಗೆ ರೈಲಿದೆ, ನದಿಯಿಲ್ಲ. ಸವಣೂರು ತಾಲೂಕಿನ ಈ ಸೀಮೆಯಲ್ಲಿ ನೀರೆಂದರೆ ಕೆರೆ, ಹಳ್ಳ, ಕೊಳವೆಬಾವಿ. ನದಿಯನ್ನು ಕಾಣಬೇಕೆನ್ನುವವರು ಹಾವೇರಿಯ ಕಡೆಗೆ ಹೋಗುವ ಗಾಡಿ ಹತ್ತಬೇಕು. ಸವಣೂರು ನಿಲ್ದಾಣ ಕಳೆದ ಮೇಲೆ, ಕರಜಗಿಯ ಸೀಮೆಯಲ್ಲಿ ವರದೆ ಕಾಣುತ್ತಾಳೆ. ಸಾಗರ ತಾಲೂಕಿನ ವರದಾಮೂಲದಲ್ಲಿ ಹುಟ್ಟಿ, ಬನವಾಸಿಯನ್ನು ಬಳಸಿ, ಹಾನಗಲ್ಲ ಸೀಮೆಯಲ್ಲಿ ಧರ್ಮಾ ನದಿಯನ್ನು ಕೂಡಿಕೊಂಡು, ಸವಣೂರು ಹಾವೇರಿಗಳ ನಡುವೆ ಹಾದು, ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುವ ಈ ನದಿ ದೊಡ್ಡದೇನೂ ಅಲ್ಲ. ಆದರೂ ಅದರ ಸ್ವಭಾವ ಎರಡು ಬಗೆಯದು. 2019ರ ಆಗಸ್ಟಿನಲ್ಲಿ ದಂಡೆಯ ಊರುಗಳಿಗೆ ನುಗ್ಗಿದ ಇದೇ ನೀರು ಬೇಸಗೆಯಲ್ಲಿ ಅಲ್ಲಲ್ಲಿ ಮಡುವಾಗಿ ಒಡೆದು ನಿಲ್ಲುತ್ತದೆ. ನಡೆಯಲು ಯೋಗ್ಯವಾದ ಕಾಲ ಇವೆರಡರ ನಡುವಿನದು: ಶೀಗಿ ಹುಣ್ಣಿವೆ ಕಳೆದು, ಕೆಸರು ಆರಿ, ಜೋಳದ ಬೆಳೆ ಮೊಣಕಾಲುದ್ದಕ್ಕೆ ಬಂದ ಮೇಲೆ, ಸಂಕ್ರಮಣದವರೆಗೆ.

ನಾವು ಮೂವರು ಮಿತ್ರರು ಹಾಕಿಕೊಂಡ ಯೋಜನೆ ಸರಳವಾದುದು. ಒಬ್ಬರು ಭೂಮಾಪನ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು, ಇನ್ನೊಬ್ಬರು ಶಾಲಾ ಮಾಸ್ತರರು, ಮೂರನೆಯವನು ನಾನು. ಕರಜಗಿಯಲ್ಲಿಳಿದು ಹರಿವಿನ ದಿಕ್ಕನ್ನೇ ಹಿಡಿದು ಹೊಸರಿತ್ತಿಯ ಕಡೆಗೆ ನಡೆಯುವುದು. ಒಂದೇ ದಿನಕ್ಕೆ ಆಗದಿದ್ದರೆ ನಡುವೆ ನಿಲ್ಲಿಸಿ ಇನ್ನೊಂದು ರವಿವಾರ ಮುಂದುವರಿಸುವುದು. ಕೊನೆಗೊಮ್ಮೆ ಗಳಗನಾಥದ ಸಂಗಮವನ್ನು ಮುಟ್ಟುವುದು. ನದಿಯ ಸುತ್ತುಗಳನ್ನು ಅನುಸರಿಸಿ ನಡೆಯುವವನಿಗೆ ರಸ್ತೆಯ ಮೈಲಿಗಲ್ಲುಗಳ ಲೆಕ್ಕ ಉಪಯೋಗಕ್ಕೆ ಬಾರದು.

ಈ ಎರಡು ಊರುಗಳನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ಹೊಸರಿತ್ತಿಯಲ್ಲಿ 1943ರ ಏಪ್ರಿಲ್ 1ರಂದು ಮೈಲಾರ ಮಹಾದೇವಪ್ಪನವರು ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಇವರೊಡನೆ ಪೋಲೀಸರ ಗುಂಡಿಗೆ ಬಲಿಯಾದರು. ಮೋಟೆಬೆನ್ನೂರಿನ ಈ ತರುಣ 1930ರಲ್ಲಿ, ಇನ್ನೂ ಹದಿನೆಂಟರ ಪ್ರಾಯದಲ್ಲಿ, ಸಾಬರಮತಿಯಿಂದ ದಾಂಡಿಯವರೆಗೆ ಸುಮಾರು 385 ಕಿಲೋಮೀಟರುಗಳನ್ನು 24 ದಿನಗಳಲ್ಲಿ ಗಾಂಧೀಜಿಯವರ ಹಿಂದೆ ನಡೆದವರು. ಇನ್ನು ಗಳಗನಾಥವೆಂದರೆ ಆ ಊರಿನ ಹೆಸರನ್ನೇ ತಮ್ಮ ಕಾವ್ಯನಾಮವಾಗಿ ಮಾಡಿಕೊಂಡ ವೆಂಕಟೇಶ ತಿರಕೋ ಕುಲಕರ್ಣಿಯವರು ನೆನಪಿಗೆ ಬರುತ್ತಾರೆ. ಕಾದಂಬರಿಗಳನ್ನು ಬರೆದು, ಅಚ್ಚು ಹಾಕಿಸಿ, ಆ ಪುಸ್ತಕಗಳ ಹೊರೆಯನ್ನು ತಾವೇ ಹೊತ್ತು ಊರೂರು ನಡೆದು ಮಾರಿದ ಗಳಗನಾಥರು 1942ರಲ್ಲಿ ತೀರಿಕೊಂಡರು. ಒಬ್ಬರು ಉಪ್ಪಿಗಾಗಿ ನಡೆದರು, ಇನ್ನೊಬ್ಬರು ಕನ್ನಡ ಓದುಗನಿಗಾಗಿ ನಡೆದರು. ಇಬ್ಬರಿಗೂ, ನಡೆಯುವವನಿಗೆ ದಾರಿಯುಂಟೆಂಬ ನಂಬಿಕೆಯಿತ್ತು. ನಮ್ಮ ಪ್ರಶ್ನೆ ಹುಟ್ಟುವುದು ಈ ನಂಬಿಕೆಯ ಸುತ್ತಲೇ.

ನಕಾಶೆಯ ಮಾತಿಗೆ ಬರೋಣ. ನಮ್ಮ ಪ್ರತಿಯೊಂದು ಗ್ರಾಮಕ್ಕೂ ಮೋಜಣಿಯ ಕಾಲದಲ್ಲಿ ತಯಾರಾದ ಗ್ರಾಮನಕಾಶೆಯೊಂದಿದೆ. ಅದರಲ್ಲಿ ಎರಡು ಸಾಲು ತುಂಡುಗೆರೆ ಎಳೆದಿದ್ದರೆ ಅದು ಬಂಡಿದಾರಿ. ಒಂದೇ ಸಾಲಿದ್ದರೆ ಕಾಲುದಾರಿ. ಹಿಂದೆ ಈ ನಕಾಶೆಯನ್ನು ನೋಡಬೇಕಾದರೆ ಚಾವಡಿಯ ಪೆಟ್ಟಿಗೆ ತೆರೆಸಬೇಕಾಗುತ್ತಿತ್ತು. ಈಗ ಸರಕಾರವೇ ಇವನ್ನು ಅಂತರಜಾಲದಲ್ಲಿಟ್ಟಿದೆ. ದಿಶಾಂಕ್ ಎಂಬ ಸಾಧನವನ್ನು ಕೈಯ ಮೊಬೈಲಿನಲ್ಲಿ ತೆರೆದರೆ, ತಾನು ನಿಂತ ನೆಲದ ಸರ್ವೆ ನಂಬರು ಯಾವುದೆಂಬುದನ್ನು ಅದು ತಿಳಿಸುತ್ತದೆ. ನಿವೃತ್ತ ಮಿತ್ರರು ನದಿಗೆ ಹೊಂದಿದ ಊರುಗಳ ನಕಾಶೆಗಳನ್ನು ಒಂದರ ಪಕ್ಕಕ್ಕೊಂದು ಹರಡಿ ತೋರಿಸಿದಾಗ ನಾನು ಕಂಡುದಿಷ್ಟು: ಹೆಚ್ಚಿನ ಕಾಲುದಾರಿಗಳು ನದಿಯ ಉದ್ದಕ್ಕೆ ಓಡುವುದಿಲ್ಲ, ಊರಿನಿಂದ ನೇರವಾಗಿ ನೀರಿಗಿಳಿಯುತ್ತವೆ. ನೀರು ತರುವ ದಾರಿ, ಬಟ್ಟೆ ಒಗೆಯುವ ದಾರಿ, ದನ ಹಾಯಿಸುವ ದಾರಿ, ಹರಗೋಲು ನಿಲ್ಲುವ ದಾರಿ, ಹೆಣ ಒಯ್ಯುವ ದಾರಿ. ಇವನ್ನು ದಂಡೆಯ ಮೇಲೆ ಒಂದಕ್ಕೊಂದು ಕೂಡಿಸುತ್ತಿದ್ದುದು ದನಕಾಯುವವರ, ಬೆಸ್ತರ, ಪರಸ್ಥಳದ ಯಾತ್ರಿಕರ ಹೆಜ್ಜೆ. ಸವಣೂರು ತಾಲೂಕಿನ ನದಿನೀರಲಗಿಯಂಥ ಊರುಗಳು ತಮ್ಮ ಹೆಸರಿನಲ್ಲಿಯೇ ನದಿಯನ್ನು ಹೊತ್ತುಕೊಂಡಿವೆಯೆಂದ ಮೇಲೆ ಊರಿಗೂ ನೀರಿಗೂ ನಡುವಿನ ದಾರಿ ಎಷ್ಟು ಮುಖ್ಯವಾಗಿತ್ತೆಂಬುದನ್ನು ಬೇರೆ ಹೇಳಬೇಕಿಲ್ಲ.

ಕಾಯದೆ ಈ ವಿಷಯದಲ್ಲಿ ಸಂದಿಗ್ಧವಾಗಿಲ್ಲ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 67ನೆಯ ಕಲಮಿನ ಪ್ರಕಾರ ಸಾರ್ವಜನಿಕ ರಸ್ತೆ, ಓಣಿ, ದಾರಿಗಳೂ ನದಿ, ಹಳ್ಳ, ಕೆರೆಗಳ ಪಾತ್ರಗಳೂ ಸರಕಾರದ ಸ್ವತ್ತು. ಮುಂಬಯಿ ಪ್ರಾಂತದಲ್ಲಿ ನಮ್ಮ ಧಾರವಾಡ ಜಿಲ್ಲೆ ಇದ್ದಾಗಲೂ 1879ರ ಭೂಕಂದಾಯ ಸಂಹಿತೆ ಇದನ್ನೇ ಹೇಳಿತ್ತು. ಹೊಲದ ಉತಾರದಲ್ಲಿ ಖರಾಬೆಂದು ಬರೆದ ನೆಲದಲ್ಲಿ ಎರಡು ವರ್ಗಗಳುಂಟು. ಸಾಗುವಳಿಗೆ ಬಾರದ ಕಲ್ಲುನೆಲ ‘ಅ’ ಖರಾಬು; ದಾರಿ, ಹಳ್ಳ, ಸ್ಮಶಾನ ಮುಂತಾದ ಸಾರ್ವಜನಿಕ ಉಪಯೋಗಕ್ಕೆಂದು ತೆಗೆದಿರಿಸಿದ್ದು ‘ಬ’ ಖರಾಬು. ಈ ಎರಡನೆಯದು ಹೊಲದ ನಡುವೆಯೇ ಇದ್ದರೂ ಹೊಲದವನದಲ್ಲ. ಒಂದು ಸಾರ್ವಜನಿಕ ದಾರಿ ಇನ್ನು ಬೇಡವೆಂದಾದರೂ, ಅದನ್ನು ರದ್ದುಪಡಿಸುವುದಕ್ಕೆ 68ನೆಯ ಕಲಮಿನಲ್ಲಿ ಕ್ರಮವೊಂದಿದೆ. ಯಾರೂ ನಡೆಯಲಿಲ್ಲವೆಂಬ ಮಾತ್ರಕ್ಕೆ ದಾರಿ ತಾನಾಗಿ ಸಾಯುವುದಿಲ್ಲ. ಕಾಗದದ ಮೇಲೆ ಅದು ಜೀವಂತವಾಗಿದೆ. ನೆಲದ ಮೇಲೆ ಮಾತ್ರ ಅದರ ಕುರುಹಿಲ್ಲ.

ಹಾಗಾದರೆ ದಾರಿಗಳು ಅಳಿದುದೇಕೆ? ಒತ್ತುವರಿ ಎಂದು ಒಂದೇ ಮಾತಿನಲ್ಲಿ ಹೇಳಿ ಒಕ್ಕಲಿಗನನ್ನು ಕಟಕಟೆಗೇರಿಸುವುದು ಸುಲಭ. ಆದರೆ ಅದು ಅರ್ಧ ಸತ್ಯ. ದಾರಿಯನ್ನು ಮೊದಲು ಬಿಟ್ಟವರು ಊರವರೇ. ಬೋರಿಂಗು ಬಂತು, ಆಮೇಲೆ ಮನೆಯ ಮುಂದೆ ನಲ್ಲಿ ಬಂತು. ಕೊಡ ಹೊತ್ತು ನದಿಗೆ ಹೋಗುವ ದಾಸ್ಯ ಹೆಣ್ಣುಮಕ್ಕಳಿಗೆ ತಪ್ಪಿತು. ಇದು ಹಿಗ್ಗಬೇಕಾದ ಸಂಗತಿ. ಸೇತುವೆಗಳೂ ಬಾಂದಾರಗಳೂ ಆದುವು. ಹರಗೋಲುಗಳು ದಂಡೆಯ ಮೇಲೆ ಬೋರಲು ಬಿದ್ದುವು, ಅವುಗಳಿಗೆ ಹೋಗುವ ದಾರಿಯಲ್ಲಿ ಜಾಲಿ ಬೆಳೆಯಿತು. ಟ್ರ್ಯಾಕ್ಟರು ಬಂದ ಮೇಲೆ ದನಗಳು ಕಡಿಮೆಯಾದುವು. ದನಗಳು ಕಡಿಮೆಯಾದ ಮೇಲೆ ದನದ ದಾರಿ ಯಾರಿಗೆ ಬೇಕು? ಅದೇ ಕಾಲಕ್ಕೆ ನದಿಗೆ ಪಂಪುಸೆಟ್ಟು ಇಟ್ಟು ನೀರೆತ್ತುವ ಅನುಕೂಲವಾದುದರಿಂದ, ಯಾರೂ ಬೇಡವೆನ್ನುತ್ತಿದ್ದ ದಂಡೆಯಂಚಿನ ನೆಲಕ್ಕೆ ಬೆಲೆ ಬಂದು, ನೇಗಿಲು ನೀರಿನ ಅಂಚಿನವರೆಗೆ ಸರಿಯಿತು. ಇವುಗಳಲ್ಲಿ ಒಂದೂ ಪಾಪಕೃತ್ಯವಲ್ಲ. ಎಲ್ಲವೂ ಒಟ್ಟುಗೂಡಿದಾಗ ಮಾತ್ರ ಊರು ತನ್ನ ನದಿಯಿಂದ ಬೇರ್ಪಟ್ಟಿತು. ಹೀಗೆ ಬೇರ್ಪಟ್ಟ ನದಿಯ ಮೇಲೆ ಕಣ್ಣಿಡುವವರು ಇಲ್ಲವಾದರು. ಕತ್ತಲಲ್ಲಿ ಮರಳು ತೋಡುವವನಿಗೂ, ಊರಿನ ಕೊಳಚೆಯನ್ನು ಹಳ್ಳಕ್ಕೆ ತಿರುಗಿಸುವವನಿಗೂ ಇದಕ್ಕಿಂತ ಹೆಚ್ಚಿನ ಅನುಕೂಲ ಬೇರೆ ಯಾವುದು? ದಿನಕ್ಕೆ ಹತ್ತು ಜನ ಓಡಾಡುವ ದಂಡೆಯಲ್ಲಿ ಮರಳಿನ ಹೊಂಡ ತೋಡುವುದು ಕಷ್ಟ.

ಹಳೆಯ ದಾರಿಗಳನ್ನು ಹೊಗಳುವಾಗ ಒಂದು ಸಂಗತಿಯನ್ನು ಮರೆಯಲಾಗದು. ಆ ದಾರಿಗಳು ಎಲ್ಲರ ದಾರಿಗಳಾಗಿರಲಿಲ್ಲ. ಯಾವ ಘಟ್ಟದಲ್ಲಿ ಯಾರು ನೀರು ಮುಟ್ಟಬೇಕು, ಯಾವ ಓಣಿಯಿಂದ ಯಾರು ಇಳಿಯಬೇಕು ಎಂಬುದನ್ನು ಜಾತಿ ಗೊತ್ತುಮಾಡಿತ್ತು. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 15ನೆಯ ಅನುಚ್ಛೇದ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳನ್ನು ಹೆಸರಿಸಿಯೇ, ಜಾತಿಯ ಕಾರಣದಿಂದ ಯಾರಿಗೂ ಅಲ್ಲಿ ತಡೆಯಿರಕೂಡದೆಂದು ವಿಧಿಸಿತು. ಸಂವಿಧಾನವನ್ನು ಬರೆದವರಿಗೆ ಘಟ್ಟದ ಮೆಟ್ಟಿಲುಗಳ ಮಹತ್ತ್ವ ತಿಳಿದಿತ್ತು. ಇಂದಿಗೂ ಹಳ್ಳಿಗಳಲ್ಲಿ ದಾರಿಯ ಜಗಳ ಅತ್ಯಂತ ನೋವಿನದಾಗುವುದು ಸ್ಮಶಾನದ ವಿಷಯದಲ್ಲಿ. ಹೆಣವನ್ನು ಹೊತ್ತುಕೊಂಡು ನದಿಯ ಕಡೆಗೆ ಹೊರಟ ಬಡವರು ಬೇಲಿಯ ಮುಂದೆ ನಿಂತು ಅಂಗಲಾಚಬೇಕಾದ ಪ್ರಸಂಗಗಳಿವೆ. ವಾಯುವಿಹಾರಕ್ಕೆ ದಾರಿ ಕೇಳುವ ನಮ್ಮಂಥವರ ಬೇಡಿಕೆಯೂ ಅವರ ಬೇಡಿಕೆಯೂ ಕಾಯದೆಯ ದೃಷ್ಟಿಯಲ್ಲಿ ಒಂದೇ. ಧರ್ಮದ ದೃಷ್ಟಿಯಲ್ಲಿ ಅವರದು ಮುಂದಿನದು. ದಂಡೆಯ ದಾರಿಯನ್ನು ಬಿಡಿಸಬೇಕೆನ್ನುವವರು ಮೊದಲು ಸ್ಮಶಾನದ ದಾರಿಯನ್ನು ಬಿಡಿಸಬೇಕು.

ಇತ್ತ ಪೇಟೆಗಳಲ್ಲಿ ಬೇರೊಂದು ಹುರುಪು ಕಾಣುತ್ತಿದೆ. ಅಹಮದಾಬಾದಿನ ಸಾಬರಮತಿಯ ಎರಡೂ ಬದಿಗೆ ಗೋಡೆ ಕಟ್ಟಿ, ತಲಾ ಹನ್ನೊಂದು ಕಿಲೋಮೀಟರಿಗೂ ಮಿಕ್ಕ ಉದ್ದಕ್ಕೆ ವಿಹಾರಪಥ ಮಾಡಿ 2012ರಲ್ಲಿ ತೆರೆದ ಮೇಲೆ, ಎಲ್ಲ ನಗರಗಳಿಗೂ ಅಂಥದೊಂದು ಬೇಕೆನಿಸಿತು. 2015ರಲ್ಲಿ ಆರಂಭವಾದ ಸ್ಮಾರ್ಟ್ ಸಿಟಿ ಯೋಜನೆಯ ಹಣದಿಂದ ಶಿವಮೊಗ್ಗೆಯಲ್ಲಿ ತುಂಗೆಯ ದಂಡೆಗೂ ಮಂಗಳೂರಿನಲ್ಲಿ ನೇತ್ರಾವತಿಯ ದಂಡೆಗೂ ಇಂಥ ಕೆಲಸಗಳು ಬಂದುವು. ಸಂಜೆಯ ಹೊತ್ತು ಅಲ್ಲಿ ಮಕ್ಕಳೂ ಮುದುಕರೂ ಸುಖವಾಗಿ ಅಡ್ಡಾಡುವುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸಾಬರಮತಿಯ ಲೆಕ್ಕವನ್ನು ಪೂರ್ತಿಯಾಗಿ ಓದಬೇಕು. ದಂಡೆಯ ಗುಡಿಸಲುಗಳಿಂದ ಹತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳು ಏಳಬೇಕಾಯಿತು. ನದಿಯ ಅಗಲವನ್ನು ಒಂದೇ ಅಳತೆಗೆ ತಂದುದಾಯಿತು. ಅಲ್ಲಿ ವರ್ಷವಿಡೀ ನಿಂತು ಹೊಳೆಯುವ ನೀರು ನರ್ಮದೆಯ ಕಾಲುವೆಯಿಂದ ಬಂದುದು. ಮಹಾದೇವಪ್ಪನವರು 1930ರ ಮಾರ್ಚ್ 12ರಂದು ಹೊರಟುದು ಇದೇ ಸಾಬರಮತಿಯ ದಂಡೆಯಿಂದ. ಅಂದು ಅವರು ನಡೆದ ದಾರಿಗೆ ಗುತ್ತಿಗೆದಾರನಿರಲಿಲ್ಲ.

ಹಾವೇರಿ 1997ರಲ್ಲಿ ಜಿಲ್ಲೆಯ ಕೇಂದ್ರವಾದಂದಿನಿಂದ ಊರು ಹೊರಹೊರಗೆ ಬೆಳೆಯುತ್ತಿದೆ. ಇಂದೋ ನಾಳೆಯೋ ವರದೆಗೂ ಒಂದು ವಿಹಾರಪಥವಾಗಲೆಂಬ ಕೂಗು ಏಳುವುದು ಸಹಜ. ಅದು ಏಳುವ ಮೊದಲೇ ನಾವು ಯೋಚಿಸಿಕೊಂಡಿರುವುದು ಲೇಸು. ಪ್ರವಾಹಕ್ಕೆ ಸಿಕ್ಕುವ ನದಿಯ ಬದಿಗೆ ಕಾಂಕ್ರೀಟಿನ ಗೋಡೆ ಎಬ್ಬಿಸಿದರೆ, ಈ ದಂಡೆಯಿಂದ ತಳ್ಳಿದ ನೀರು ಎದುರು ದಂಡೆಯ ಊರಿಗೆ ಹೋಗುತ್ತದೆ. ದಂಡೆಯ ಮಣ್ಣಿನ ದಾರಿಯಾದರೋ ನೆರೆ ಬಂದಾಗ ಮುಳುಗಿ, ಇಳಿದಾಗ ಮತ್ತೆ ಎದ್ದು ನಿಲ್ಲುತ್ತದೆ. ಅದಕ್ಕೆ ಬೇಕಾದುದು ಗುರುತು ಮತ್ತು ಹೆಜ್ಜೆ, ಅಷ್ಟೆ.

ನದಿಯೆಂದೊಡನೆ ಇಂದು ನಾವು ಟಿ.ಎಂ.ಸಿ.ಗಳ ಭಾಷೆಯಲ್ಲಿ ಮಾತನಾಡುತ್ತೇವೆ. ಬೇಡ್ತಿಯ ನೀರನ್ನು ವರದೆಗೆ ತರಬೇಕೆಂಬ ಜೋಡಣೆಯ ಯೋಜನೆ ದಶಕಗಳಿಂದ ಕಡತಗಳಲ್ಲಿ ಓಡಾಡುತ್ತಿದೆ. ಶಿರಸಿ, ಯಲ್ಲಾಪುರದವರು ತಮ್ಮ ಕಾಡು, ತೋಟಗಳಿಗೆ ಕುತ್ತೆಂದು ಅದನ್ನು ವಿರೋಧಿಸುತ್ತಾರೆ. ಹಾವೇರಿಯ ಬಯಲಿನವರು ಬೇಸಗೆಯ ಬರಿದಾದ ಪಾತ್ರವನ್ನು ತೋರಿಸಿ ಬೇಕೆನ್ನುತ್ತಾರೆ. ಇದರ ನ್ಯಾಯಾನ್ಯಾಯಗಳನ್ನು ತೀರ್ಮಾನಿಸುವುದು ಈ ಲೇಖನದ ಕೆಲಸವಲ್ಲ. ನಾನು ಹೇಳುವುದು ಇಷ್ಟೇ: ತನ್ನ ನದಿಯ ದಂಡೆಯನ್ನು ತಾನೇ ನಡೆದು ಕಾಣದ ಊರು, ಎಷ್ಟು ನೀರು ಬಂತು, ಎಷ್ಟು ಹೋಯಿತು, ಯಾವ ಮಡುವಿನಲ್ಲಿ ಹೂಳು ತುಂಬಿತು ಎಂಬುದನ್ನು ಇನ್ನೊಬ್ಬರ ಬಾಯಿಂದ ಕೇಳಬೇಕಾಗುತ್ತದೆ. ನದಿಯನ್ನು ಕಂಡವನ ಬೇಡಿಕೆಗೆ ಇರುವ ಬಲ ಕೇಳಿದವನ ಬೇಡಿಕೆಗಿರದು.

ಒಕ್ಕಲಿಗನ ಆಕ್ಷೇಪವನ್ನು ಗೌರವದಿಂದ ಕೇಳಬೇಕು. ದಂಡೆಯ ಹೊಲದ ಹಿರಿಯರೊಬ್ಬರು ನಮಗೆ ಹೇಳಿದುದು ಹೀಗೆ: “ಹೊಳೀ ನನ್ನ ಹೊಲಾ ಕೊರಕೋತ ಬಂದೈತ್ರಿ. ನಕಾಶೆದಾಗಿನ ನಿಮ್ಮ ಹಾದಿ ಈಗ ನೀರಾಗೈತಿ. ಅದನ್ನ ನಾ ಎಲ್ಲಿಂದ ತಂದು ಕೊಡ್ಲಿ?” ಮಾತು ನಿಜ. ನದಿ ಒಂದು ದಂಡೆಯನ್ನು ಕೊರೆದು ಇನ್ನೊಂದಕ್ಕೆ ಮಣ್ಣು ಹಾಕುತ್ತದೆ; ನಕಾಶೆಯ ಗೆರೆ ಮಾತ್ರ ಇದ್ದಲ್ಲಿಯೇ ಇರುತ್ತದೆ. ಪರಸ್ಥಳದವರು ಓಡಾಡಿದರೆ ಪಂಪಿನ ತಂತಿ ಕಳುವಾದೀತು, ಕಡಲೆಯ ಗಿಡ ಕಿತ್ತುಹೋದೀತೆಂಬ ಭಯವೂ ಅಕಾರಣವಲ್ಲ. ಆದುದರಿಂದ ದಾರಿಯ ಹಕ್ಕು ಎಂಬುದು ಹೊಲದವನ ತಲೆಯ ಮೇಲಿನ ಕತ್ತಿಯಾಗಬಾರದು. ನೆಲ ಕೊಚ್ಚಿಹೋದವನಿಗೆ ಮರುಮೋಜಣಿಯಾಗಬೇಕು. ಹೋದ ನೆಲದ ಕಂದಾಯ ಹೊರಬೇಕಾದ ಗತಿ ಅವನಿಗೆ ಬರಬಾರದು. ಹಾಗೆ ಅಳೆದು ಕೊಟ್ಟ ಮೇಲೆ, ಉಳಿದುದರಲ್ಲಿ ಊರಿನ ದಾರಿಗೆ ನಾಲ್ಕು ಹೆಜ್ಜೆ ಅಗಲವನ್ನು ಕೇಳುವ ಅಧಿಕಾರ ಊರಿಗೂ ಬರುತ್ತದೆ.

ಬೇರೆಯವರು ಹೇಗೆ ಮಾಡಿದರು? ಇಂಗ್ಲೆಂಡಿನಲ್ಲಿ ಜಮೀನುದಾರರ ಬೇಟೆಯ ಬಯಲುಗಳಿಗೆ ಸಾಮಾನ್ಯರು ಕಾಲಿಡದಂತಿದ್ದ ಕಾಲವೊಂದಿತ್ತು. 1932ರ ಏಪ್ರಿಲ್ 24ರಂದು ಗಿರಣಿ ಪಟ್ಟಣಗಳ ನೂರಾರು ಕಾರ್ಮಿಕ ತರುಣರು ಕಿಂಡರ್ ಸ್ಕೌಟ್ ಎಂಬ ಬೆಟ್ಟವನ್ನು ಅಪ್ಪಣೆಯಿಲ್ಲದೆ ಹತ್ತಿದರು. ಅವರಲ್ಲಿ ಕೆಲವರು ಸೆರೆಮನೆಯನ್ನೂ ಕಂಡರು. 1949ರಲ್ಲಿ ಅಲ್ಲಿ ಆದ ಕಾಯದೆ ಕಾಲುದಾರಿಗಳನ್ನೆಲ್ಲ ಗುರುತಿಸಿ ಅಧಿಕೃತ ನಕಾಶೆ ಮಾಡುವ ಹೊಣೆಯನ್ನು ಸ್ಥಾನಿಕ ಸಂಸ್ಥೆಗಳಿಗೆ ವಹಿಸಿತು. ಥೇಮ್ಸ್ ನದಿಯ ಉಗಮದಿಂದ ಲಂಡನ್ನಿನವರೆಗೆ ದಂಡೆಗುಂಟ ನಡೆಯಬಲ್ಲ ದಾರಿ 1996ರಲ್ಲಿ ತೆರೆಯಿತು. ಅಲ್ಲಿಯ ಉದಾಹರಣೆ ದೂರದ್ದೆನಿಸಿದರೆ ನಮ್ಮ ನರ್ಮದೆಯನ್ನು ನೋಡಬಹುದು. ಅಮರಕಂಟಕದಿಂದ ಸಮುದ್ರದವರೆಗೆ ಒಂದು ದಂಡೆಯಲ್ಲಿ ಇಳಿದು ಇನ್ನೊಂದು ದಂಡೆಯಲ್ಲಿ ಏರುವ ಪರಿಕ್ರಮದ ದಾರಿಯನ್ನು ಉಳಿಸಿರುವುದು ನಡೆಯುವವರ ಕಾಲು, ಅವರಿಗೆ ಅನ್ನ ಹಾಕುವ ಹಳ್ಳಿಗಳ ಕೈ. ಒಂದೆಡೆ ಕಾಯದೆ ದಾರಿಯನ್ನು ಕಾಯಿತು, ಇನ್ನೊಂದೆಡೆ ರೂಢಿ ಕಾಯಿತು. ನಮ್ಮಲ್ಲಿ ಕಾಯದೆ ಆಗಲೇ ಇದೆ, ಕಡಿದುಹೋದುದು ರೂಢಿ.

ಆದಕಾರಣ ಕೋಟಿಗಳ ಲೆಕ್ಕ ಹಾಕುವ ಮೊದಲು ಮಾಡಬಹುದಾದ ಕೆಲಸಗಳು ಕೆಲವಿವೆ. ಪ್ರತಿಯೊಂದು ಗ್ರಾಮಪಂಚಾಯತಿಯ ಗೋಡೆಯ ಮೇಲೆ ಗ್ರಾಮನಕಾಶೆಯನ್ನು ಎಲ್ಲರಿಗೂ ಕಾಣುವಂತೆ ಬರೆಸಲಿ. ದಾರಿಗಳನ್ನು ಬೇರೆ ಬಣ್ಣದಲ್ಲಿ ತೋರಿಸಲಿ. ಗ್ರಾಮಸಭೆಯಲ್ಲಿ ವರ್ಷಕ್ಕೊಮ್ಮೆ ದಾರಿಗಳ ಪಟ್ಟಿ ಓದಿಸಲಿ. ನದಿಗಿಳಿಯುವ ದಾರಿಗಳಿಗೆ ಭೂಮಾಪನ ಇಲಾಖೆ ಎರಡು ಬದಿಗೂ ಕಲ್ಲು ನಡಲಿ, ಸ್ಮಶಾನದ ದಾರಿಗೆ ಎಲ್ಲಕ್ಕಿಂತ ಮೊದಲು. ದಂಡೆ ಕುಸಿಯುವಲ್ಲಿ ಹೊಂಗೆ, ನೇರಳೆ, ಬಿದಿರು ಬೆಳೆಯಿಸಲಿ. ನೆರಳೂ ಆಗುತ್ತದೆ, ಬೇರು ಮಣ್ಣನ್ನೂ ಹಿಡಿಯುತ್ತದೆ. ಮಾಸ್ತರರ ಸಲಹೆ ಇನ್ನೂ ಸುಲಭವಾದುದು: ಹಿರಿಯ ತರಗತಿಯ ಹುಡುಗರನ್ನು ವರ್ಷಕ್ಕೊಂದು ದಿನ ನಕಾಶೆ ಕೈಯಲ್ಲಿ ಕೊಟ್ಟು ತಮ್ಮ ಊರಿನ ಎಲ್ಲೆಗುಂಟ ನಡೆಯಿಸುವುದು. ಸಂಕ್ರಮಣದ ದಿನ ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಶೇಂಗಾಹೋಳಿಗೆ ಕಟ್ಟಿಕೊಂಡು ಹೊಳೆಗೆ ಹೋಗುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಆ ದಿನ ಗಾಡಿಯನ್ನು ಊರಲ್ಲಿಯೇ ಬಿಟ್ಟು ಹಳೆಯ ದಾರಿಯಿಂದ ನಡೆದು ಹೋದರೂ ಸಾಕು, ಅದೊಂದು ಸಾರ್ವಜನಿಕ ದಾಖಲೆಯಾಗುತ್ತದೆ.

ನಮ್ಮ ನಡಿಗೆಗೆ ಮಾರ್ಗಶಿರದ ಒಂದು ರವಿವಾರವನ್ನು ಗೊತ್ತುಮಾಡಿದ್ದೇವೆ. ಬುತ್ತಿ, ನೀರು, ಒಂದೊಂದು ಕೋಲು, ನಕಾಶೆಗಳ ಪ್ರತಿ, ಇಷ್ಟೇ ಸಾಮಾನು. ಬೆಳೆ ನಿಂತ ಹೊಲ ಅಡ್ಡ ಬಂದಲ್ಲಿ ಹೊಲದವರನ್ನು ಕೇಳಿ, ಬದುವಿನ ಮೇಲೆ ಒಬ್ಬರ ಹಿಂದೊಬ್ಬರು ನಡೆಯುವುದೆಂದು ಒಪ್ಪಿಕೊಂಡಿದ್ದೇವೆ. ದಂಡೆಯ ಊರುಗಳಲ್ಲಿ ಹಳೆಯ ದಾರಿಯನ್ನು ತುಳಿದವರು ಇನ್ನೂ ಇದ್ದಾರೆ. ಅವರು ಜೊತೆಗೆ ಬಂದು “ಹಾದಿ ಇಲ್ಲಿತ್ತು” ಎಂದು ಕೈತೋರಿಸಿದ ಸ್ಥಳಗಳನ್ನೆಲ್ಲ ನಕಾಶೆಯ ಪ್ರತಿಯಲ್ಲಿ ಗುರುತುಹಾಕಿ, ಆಯಾ ಪಂಚಾಯತಿಗೆ ಒಂದೊಂದು ಅರ್ಜಿಯೊಡನೆ ಒಪ್ಪಿಸುವವರಿದ್ದೇವೆ. ಸ್ಮಶಾನದ ದಾರಿಗಳ ಅರ್ಜಿಗಳು ಮೊದಲು ಹೋಗುತ್ತವೆ.